ಆಲೂಗಡ್ಡೆ ತರಲು ಹೋದ ದಿನ

ಮಾನಸಿಕ ಆಸ್ಪತ್ರೆ, ಮಹಿಳಾ ವಾರ್ಡ್, ಎರಡನೇ ಮಹಡಿ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಪುಟ್ಟಿಗೆ ಹಲ್ಲು ಬರುತ್ತಿದೆ ಎಂದು ನೀನು ಬರೆದಿದ್ದೆ. ನಿನಗೆ ನಿದ್ದೆಯಿಲ್ಲ ಎಂದಾಯಿತು. ನಾನು ಚೆನ್ನಾಗಿದ್ದೇನೆ. ಮಾತ್ರೆಯಿಂದ ಬರುತ್ತಿದ್ದ ಕೈನಡುಕ ನಿಂತಿದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ.

ನನ್ನನ್ನು ಈಗ ಅಡುಗೆ ಗುಂಪಿಗೆ ಸೇರಿಸಿದ್ದಾರೆ. ಹೊರಗೆ ಹೋದ ಮೇಲೆ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕಲ್ಲ, ಅದಕ್ಕೆ ತಾಲೀಮು. ಇಲ್ಲಿ ಚಾಕುವನ್ನು ಮೇಜಿಗೆ ಸರಪಳಿಯಿಂದ ಬಿಗಿದಿರುತ್ತಾರೆ. ಈರುಳ್ಳಿಯೇ ಚಾಕುವಿನ ಹತ್ತಿರ ಹೋಗಬೇಕು. "ಕಚ್ಚಲ್ಲ ಬಾರೇ, ಕಟ್ಟಿಹಾಕಿದಾರೆ" ಎಂದು ಮೊದಲ ದಿನ ನನ್ನನ್ನು ಕರೆದವರು ಪಕ್ಕದ ಮಂಚದವರು. ಅಮ್ಮನ ವಯಸ್ಸು. ಎಲ್ಲರ ಮೇಲೂ ದರ್ಬಾರು ಮಾಡುತ್ತಾರೆಂದು ನರ್ಸುಗಳೂ ಅವರನ್ನು ಕಮಿಷನರ್ ಎನ್ನುತ್ತಾರೆ. ನಾನೋ, ಅಮ್ಮನ ಅಡುಗೆಮನೆಯ ಪರದೆಗೆ ಬೆಂಕಿ ಹಚ್ಚಿ ಇಲ್ಲಿಗೆ ಬಂದವಳು. ಸ್ಟವ್ ಕಂಡರೆ ಹೆದರುತ್ತಿದ್ದೆ. ಹಿಂದೆ ನಿಂತು, ನನ್ನ ಮೊಣಕೈ ಹಿಡಿದುಕೊಂಡು, ಅದನ್ನು ನನ್ನಿಂದಲೇ ಹಚ್ಚಿಸಿದ್ದು ಅವರು.

ಮೊನ್ನೆ ನಮ್ಮಿಬ್ಬರನ್ನೂ ನರ್ಸ್ ತರಕಾರಿ ಅಂಗಡಿಗೆ ಕರೆದೊಯ್ದರು. ನರ್ಸೂ ಮನೆಯ ಬಟ್ಟೆಯಲ್ಲೇ ಇದ್ದರು. ಯಾರು ಯಾರನ್ನು ಕಾಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಕಮಿಷನರ್ ಬೀನ್ಸ್ ಮುರಿದು ನೋಡಿ, "ಇದನ್ನ ಹಗ್ಗ ಅಂತ ಮಾರಪ್ಪ, ತರಕಾರಿ ಅನ್ಬೇಡ" ಎಂದು ಅಂಗಡಿಯವನನ್ನು ದಬಾಯಿಸುತ್ತಿದ್ದರು. ಅಷ್ಟರಲ್ಲಿ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಎದುರಾದಳು. "ಏನೇ, ನೀನಿಲ್ಲಿ? ಇವರು ಯಾರು?" ಎಂದಳು. ನಾನು ದೂರದಲ್ಲೆಲ್ಲೋ ಟೀಚರ್ ಆಗಿದ್ದೇನೆಂದು ನಿಮ್ಮ ಅತ್ತೆಗೆ ಹೇಳಿಟ್ಟಿದ್ದೀಯಲ್ಲ, ಅದೇ ಮಾತು ನಾಲಿಗೆಗೆ ಬಂತು. "ಆಸ್ಪತ್ರೇಲಿ ಪಾಠ ಹೇಳ್ತೀನಿ ಕಣೇ. ಇವರು ಪೇಷೆಂಟು." ಕಮಿಷನರ್ ಎದುರಿಗೇ ಹೇಳಿದೆ. ಗೆಳತಿ "ಪುಣ್ಯದ ಕೆಲಸ" ಎನ್ನುತ್ತಾ ಕೈಚೀಲವನ್ನು ಕಮಿಷನರ್ ಇಲ್ಲದ ಕಡೆಯ ಹೆಗಲಿಗೆ ಬದಲಾಯಿಸಿಕೊಂಡಳು.

ಕಮಿಷನರ್ ನನ್ನನ್ನು ಒಮ್ಮೆ ನೋಡಿದರು. ಆಮೇಲೆ, ಯಾರ ಅಪ್ಪಣೆಯನ್ನೂ ಕೇಳದ ಆ ಹೆಂಗಸು, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಸಣ್ಣ ದನಿಯಲ್ಲಿ "ಟೀಚರಮ್ಮ, ಆಲೂಗಡ್ಡೆ ತಗೊಳ್ಳಲಾ?" ಎಂದರು. "ತಗೊಳ್ಳಿ" ಎಂದೆ. ಅದನ್ನೂ ಅಂದೆ ಅಕ್ಕಾ.

ವಾರ್ಡಿನಲ್ಲಿ ಅವರು ಯಾರಿಗೂ ಹೇಳಿಲ್ಲ. ಸಂಜೆ ಸೂಪ್ ಕುದಿಯುವಾಗ ಮಾತ್ರ "ಟೀಚರಮ್ಮ, ಉಪ್ಪು ನೋಡಿ" ಎಂದು ಸೌಟು ಚಾಚಿದರು, ನಗುತ್ತಲೇ. ಬಾಯಿ ಸುಟ್ಟಿತು, ಉಪ್ಪು ತಿಳಿಯಲಿಲ್ಲ. ಇನ್ನೂ ಕ್ಷಮೆ ಕೇಳಿಲ್ಲ. ಅವರು ಪಕ್ಕದ ಮಂಚದಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದಾರೆ. ನಾನು ಗೋಡೆಯ ಕಡೆ ತಿರುಗಿ ಇದನ್ನು ಬರೆಯುತ್ತಿದ್ದೇನೆ.

ಭಾವನನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು.

ನಿನ್ನ ತಂಗಿ

ತಾ.ಕ.: ನೀನು ಬಂದು ಕರೆದುಕೊಂಡು ಹೋಗುವುದಾದರೆ ಮುಂದಿನ ತಿಂಗಳು ಎರಡು ದಿನ ನಿನ್ನ ಮನೆಗೆ ಕಳಿಸುತ್ತಾರಂತೆ. ಬರುವ ಮುಂಚೆ ನಾನು ಎಲ್ಲಿದ್ದೆನೆಂದು ನಿಮ್ಮ ಅತ್ತೆಗೆ ಹೇಳಿಬಿಡು. ನಿನ್ನನ್ನು ದೂರುವ ಮುಖ ನನಗಿಲ್ಲ, ನಾನೂ ಅದನ್ನೇ ಹೇಳಿದವಳು. ಹೇಳಲು ಆಗದಿದ್ದರೆ ಬರಬೇಡ. ನಿಮ್ಮ ಅಡುಗೆಮನೆಯಲ್ಲಿ ಸ್ಟವ್ ಹಚ್ಚುವಾಗ ಯಾರಾದರೂ ನನ್ನ ಮೊಣಕೈ ಹಿಡಿದುಕೊಳ್ಳಬೇಕು. ಟೀಚರಮ್ಮನ ಮೊಣಕೈಯನ್ನು ಯಾರೂ ಹಿಡಿಯುವುದಿಲ್ಲ.