ಏಳನೇ ನಂಬರಿನ ಪೊಟ್ಟಣ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಮೀಟಿಂಗ್. ಮದ್ಯವನ್ನು ಪುಡಿ ಮಾಡಿದ್ದಾರೆ — ನೀರಿಗೆ ಹಾಕಿ ಕಲಕಿದರೆ ಆಯಿತು. ಮಾರಲು ಬಿಡಬೇಕೋ ಬೇಡವೋ, ಕಮಿಟಿ ಹೇಳಬೇಕು. ನಡಾವಳಿ ಬರೆಯುವುದು ನನ್ನ ಕೆಲಸ. ಕಂಪನಿಯವನು ಹತ್ತು ಸ್ಯಾಂಪಲ್ ಪೊಟ್ಟಣ ಹಂಚಿದ. ಅಂಗೈಯಗಲ, ಲಕೋಟೆಯಷ್ಟು ತೆಳು.

"ಬೆಟ್ಟ ಹತ್ತೋರಿಗೆ ಬಾಟ್ಲಿ ಹೊರೋದು ತಪ್ಪುತ್ತೆ ಸಾರ್" ಅಂದ.

ಕಮಿಟಿಯಲ್ಲಿದ್ದ ಡಾಕ್ಟರಮ್ಮ ಕನ್ನಡಕ ತೆಗೆದರು. "ಬೆಟ್ಟ ಹತ್ತೋರು ಎಷ್ಟು ಜನ, ಇದನ್ನ ಬಚ್ಚಿಟ್ಕೊಂಡು ಸ್ಕೂಲಿಗೆ ಹೋಗೋರು ಎಷ್ಟು ಜನ?"

ತಲೆ ತಗ್ಗಿಸಿ ಬರೆದೆ. ನಾನು ಕುಡಿತ ಬಿಟ್ಟು ಎರಡು ವರ್ಷ ನಾಲ್ಕು ತಿಂಗಳು. ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸಂಜೆ ಬಾಗಿಲಲ್ಲಿ ಹೆಂಡತಿ ಎಂದಿನಂತೆ ಚೀಲ ಇಸಿದುಕೊಂಡು, ಕೋಟಿನ ಜೇಬುಗಳ ಮೇಲೆ ಕೈಯಾಡಿಸಿದಳು. ಬಾಟ್ಲಿ ಇದ್ದರೆ ತಗಲಬೇಕಲ್ಲ. ಇದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.

ಮಾರ್ಚ್ 4, ಬೆಳಿಗ್ಗೆ

ಫೈಲ್ ಬಿಚ್ಚಿದರೆ ಒಳಗೊಂದು ಪೊಟ್ಟಣ. ನಂಬರ್ ಏಳು. ಹತ್ತೂ ವಾಪಸ್ ಬಂದಿವೆ ಎಂದು ನಿನ್ನೆ ಎಣಿಸದೆ ಸಹಿ ಹಾಕಿದ್ದೆ. ಇವಳ ಕೈಯಲ್ಲೇ, ಚೀಲದ ಜೊತೆ, ಮನೆಯೊಳಗೆ ಬಂದಿದೆ. ಅಯ್ಯೋ ದೇವರೇ.

ಸದ್ಯಕ್ಕೆ ಈ ದಿನಚರಿಯೊಳಗೆ ಇಟ್ಟಿದ್ದೇನೆ. ನಾಳೆ ಆಫೀಸಿನ ಸ್ಟೋರಿಗೆ ಕೊಟ್ಟುಬಿಡುವುದು.

ಮಾರ್ಚ್ 6

ಕೊಡಲಿಲ್ಲ. ಸ್ಟೋರಿನವನು ರಜೆ... ಸುಳ್ಳು. ರಜೆ ಇರಲಿಲ್ಲ.

ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟೆ. ಬಾಯಾರಿಕೆಗೆ, ಅಂದುಕೊಂಡೆ. ಇವಳು ಪಕ್ಕದಲ್ಲಿ ಬಟ್ಟೆ ಮಡಚುತ್ತಾ, "ಈಚೆಗೆ ಒಳ್ಳೆ ನಿದ್ದೆ ಬರುತ್ತೆ ಕಣ್ರೀ" ಅಂದಳು.

ನೀರನ್ನು ಗಿಡಕ್ಕೆ ಸುರಿದು ಬಂದೆ.

ಮಾರ್ಚ್ 12, ಬುಧವಾರ, ಸಂಜೆ ಆರೂವರೆ

ಐದು ದಿನ ಈ ಪುಸ್ತಕ ಮುಟ್ಟಲಿಲ್ಲ. ಹೆದರಿಕೆ. ಇವತ್ತು ಬೆಳಿಗ್ಗೆ ಪೊಟ್ಟಣ ತೆಗೆದು ಜೇಬಿಗೆ ಹಾಕಿಕೊಂಡು ಹೋದೆ. ಕೊನೆಯ ಮೀಟಿಂಗ್.

ಅಧ್ಯಕ್ಷರು ರೇಗಿದರು. "ಬಚ್ಚಿಡ್ತಾರೆ ಬಚ್ಚಿಡ್ತಾರೆ ಅಂತೀರಲ್ಲ, ಮನೆಯವರ ಕಣ್ಣಿಗೆ ಬೀಳದೇ ಇರುತ್ತಾ?"

ಪೆನ್ನು ಕೆಳಗಿಟ್ಟೆ. ಪೊಟ್ಟಣ ಮೇಜಿನ ಮೇಲಿಟ್ಟೆ.

"ಒಂಬತ್ತು ದಿನ ನನ್ನ ಮನೇಲಿತ್ತು ಸಾರ್. ನಾನು ಕುಡೀತಿದ್ದೋನು. ಹೆಂಡತಿ ದಿನಾ ಜೇಬು ನೋಡ್ತಾಳೆ. ಸಿಗಲಿಲ್ಲ."

ಕಂಪನಿಯವನು, "ನೀವು ಒಡೆದಿಲ್ಲವಲ್ಲ!" ಎಂದ. ಅದೂ ನಿಜವೇ. ಎರಡನ್ನೂ ಬರೆದುಕೊಂಡೆ.

"ನಿಮ್ಮ ಹೆಸರು ಬೇಡ ಬಿಡಿ" ಎಂದರು ಡಾಕ್ಟರಮ್ಮ, ಮೆಲ್ಲಗೆ. ಹೆಸರು ಹಾಕಿಯೇ ಬರೆದೆ. ತೀರ್ಮಾನ — ಸದ್ಯಕ್ಕೆ ಮಾರುವಂತಿಲ್ಲ. ಸ್ಯಾಂಪಲ್ ಒಯ್ದದ್ದಕ್ಕೆ ನನಗೆ ನೋಟೀಸು. ಬರಲಿ.

ಬಾಗಿಲಲ್ಲಿ ಇವಳು ಕೈ ಚಾಚುವ ಮೊದಲೇ ಎಲ್ಲ ಹೇಳಿದೆ. ಚಾಚಲು ಎತ್ತಿದ ಕೈ ಅಲ್ಲೇ ನಿಂತಿತು.

"ಎಲ್ಲಿಟ್ಟಿದ್ರಿ?"

"ದಿನಚರೀಲಿ."

"ಅದನ್ನ ನಾನು ಯಾವತ್ತೂ ಮುಟ್ಟಿಲ್ಲ."

"ಅದಕ್ಕೇ ಅಲ್ಲಿಟ್ಟೆ."

ಅತ್ತಳು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಈಗ ಮುಖ ತೊಳೆದು ಬಂದು ಎದುರಿಗೆ ಕೂತಿದ್ದಾಳೆ. "ಮುಗೀತಾ? ಕೊಡಿ, ಓದ್ತೀನಿ" ಅನ್ನುತ್ತಾಳೆ. ಖಾಲಿ ಬಿಟ್ಟ ಆ ಐದು ಪುಟಗಳನ್ನೇ ಮೊದಲು ನೋಡುತ್ತಾಳೆ, ಗೊತ್ತು. ಆ ಐದೂ ದಿನ ನಾನು ಕುಡಿದಿಲ್ಲ ಎಂದು ಅಲ್ಲಿ ಬರೆಯಬೇಕಿತ್ತು, ಒಂದೊಂದು ಪುಟದಲ್ಲೂ... ಇರು, ಒಂದೇ ನಿಮಿಷ —