ಪಾತ್ರೆ ಬಡಿಯುವ ಕಾಲೇಜು

ಹಾಸ್ಟೆಲಿನ ಮೂಲೆ ಕೋಣೆ,
ಮಾರ್ಚ್ ಹದಿನಾರು, ಭಾನುವಾರ

ಪ್ರೀತಿಯ ಅಪ್ಪಾ,
(ಸಿಟ್ಟು ಬಂದಿದ್ದರೂ ‘ಪ್ರೀತಿಯ’ ಎಂದೇ ಬರೆದಿದ್ದೇನೆ, ಗಮನಿಸು.)

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತಾ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀನು ನೀರು ಕುಡಿಯುವುದನ್ನೇ ಮರೆಯುತ್ತೀಯೆಂದು ಅಮ್ಮ ಇಲ್ಲಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ. ನಿನಗೆ ಹೇಳಬೇಕಾದ್ದನ್ನು ನನಗೆ ಹೇಳಿದರೆ ಏನು ಪ್ರಯೋಜನವೋ ಗೊತ್ತಿಲ್ಲ, ಅಂತೂ ಮುಟ್ಟಿಸಿದ್ದೇನೆ. ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಬೇಡ, ಹಡಗಿನವರು ಕೊಟ್ಟಿರುವುದನ್ನೇ ಹಾಕಿಕೋ. ನಿನ್ನ ಕಿವಿಯಿಂದ ನನಗೆ ಕೆಲಸವಿದೆ. ನಾನು ಚೆನ್ನಾಗಿದ್ದೇನೆ. ಶೀತ ಹೋಯಿತು, ಕೂದಲು ಉದುರುವುದು ನಿಂತಿಲ್ಲ, ಹಾಸ್ಟೆಲಿನ ಅಡುಗೆಯವರಿಗೆ ಉಪ್ಪಿನ ಅಂದಾಜು ಇನ್ನೂ ಸಿಕ್ಕಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನೀನು ಹಡಗಿನಿಂದ ಫೋನ್ ಮಾಡಿ, “ಪಾತ್ರೆ ಬಡಿಯೋದಕ್ಕೆ ಕಾಲೇಜು ಬೇರೆ ಬೇಕಾ? ಮನೇಲೇ ಬಡೀಬಹುದಿತ್ತಲ್ಲ! ಈ ವರ್ಷ ಮುಗಿಸಿ ಸುಮ್ನೆ ಚಿಕ್ಕಪ್ಪನ ಆಫೀಸಿಗೆ ಹೋಗು” ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯಾ. ಇಲ್ಲಿ ಪೂರ್ತಿ ಓದದೆ ಬೇರೆ ದಾರಿಯಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗುವುದಿಲ್ಲ. ಚಿಕ್ಕಪ್ಪ ಇನ್ಶೂರೆನ್ಸ್ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜನ್ನೇ ನನಗೆಂದು ಒರೆಸಿ ಇಟ್ಟಿದ್ದಾರಂತೆ. ಒಳ್ಳೆಯವರು, ಅವರ ಮೇಲೆ ನನಗೆ ಕೋಪವಿಲ್ಲ. ಕೋಪವಿಲ್ಲ ಎಂದರೆ ಸ್ವಲ್ಪ ಇದೆ. ನಾನು ಗಂಡಸರ ಬೂಟು ಹಾಕಿಕೊಂಡು, ಜಲ್ಲಿ ತುಂಬಿದ ಟಬ್ಬಿನೊಳಗೆ ನಡೆಯುತ್ತಿರುವ ಫೋಟೊ ನಿನಗೆ ಕಳಿಸಿದ್ದು ಅವರೇ ತಾನೆ? “ನೋಡಣ್ಣ, ನಿನ್ನ ಮಗಳ ಓದು” ಎಂದು ಕೆಳಗೆ ಬರೆದಿರುತ್ತಾರೆ. ಅವರು ಬರೆಯದಿದ್ದರೆ ನನ್ನ ಹೆಸರು ಬದಲಾಯಿಸು.

ಹೌದು ಅಪ್ಪಾ, ಅದೇ ನನ್ನ ಓದು. ಸಿನಿಮಾದಲ್ಲಿ ನೀನು ಕೇಳುವ ಹೆಜ್ಜೆ ಸದ್ದು, ಬಟ್ಟೆಯ ಸರಸರ, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಯಾರೋ ಒಬ್ಬರು ಆಮೇಲೆ ಕೋಣೆಯೊಂದರಲ್ಲಿ ಕೂತು ಮಾಡಿರುತ್ತಾರೆ. ಹಿಮದ ಮೇಲೆ ನಡೆಯುವ ಸದ್ದು ಬೇಕಿದ್ದರೆ ಮೆಕ್ಕೆಜೋಳದ ಹಿಟ್ಟನ್ನು ಬಟ್ಟೆಚೀಲಕ್ಕೆ ತುಂಬಿ ಹಿಸುಕಬೇಕು. ಹಕ್ಕಿ ಹಾರಬೇಕಿದ್ದರೆ ಒಂದು ಜೊತೆ ಕೈಗವಸು ಸಾಕು, ಪಟಪಟ ಬಡಿದರಾಯಿತು. ನಮ್ಮ ಸದ್ದಿನ ಕೋಣೆಗೆ ನೀನು ಬಂದರೆ ಗುಜರಿ ಅಂಗಡಿ ಎಂದುಕೊಂಡು ವಾಪಸ್ ಹೋಗುತ್ತೀಯಾ. ಹಳೇ ಬಾಗಿಲು ಚೌಕಟ್ಟಿನ ಸಮೇತ ಇದೆ, ಯಾವ ಗೋಡೆಗೂ ಸೇರದೆ ಸುಮ್ಮನೆ ನಿಂತಿದೆ. ತುಕ್ಕು ಹಿಡಿದ ಕೀಲುಗಳಿಗೆ ಎಣ್ಣೆ ಹಾಕಿದರೆ ಮೇಡಂ ಬೈಯುತ್ತಾರೆ.

ಮೊದಲ ವಾರ ನಾನೂ ನಿನ್ನ ಹಾಗೇ ಇದ್ದೆ. ಇದೇನು ಮಕ್ಕಳಾಟ ಎಂದುಕೊಂಡು, ಮಳೆಯ ಸದ್ದು ತನ್ನಿ ಎಂದಾಗ ನಿಜವಾದ ಮಳೆಯಲ್ಲೇ ನೆನೆದು ರೆಕಾರ್ಡ್ ಮಾಡಿಕೊಂಡು ಬಂದೆ. ಆಗಲೂ ಶೀತ ಹಿಡಿದಿತ್ತು. ತರಗತಿಯಲ್ಲಿ ಕೇಳಿಸಿದರೆ ಎಲ್ಲರೂ “ಯಾರೋ ಏನೋ ಕರೀತಾ ಇದಾರೆ, ಎಣ್ಣೆ ಜಾಸ್ತಿಯಾಯ್ತು” ಎಂದು ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದವಳು, ನಾವೆಲ್ಲ ಗಿರಗಿಟ್ಲೆ ಎಂದು ಕರೆಯುವವಳು, ತಗಡಿನ ತಟ್ಟೆಯ ಮೇಲೆ ಹಿಡಿ ಅಕ್ಕಿಯನ್ನು ಮೆಲ್ಲಗೆ ಸುರಿದಳು ನೋಡು, ಹಿಂದಿನ ಬೆಂಚಿನವನು ಕಿಟಕಿ ಮುಚ್ಚಲು ಎದ್ದ! ಮೇಡಂ ನನಗೆ ಹೇಳಿದ್ದು ಇಷ್ಟೇ: “ನೀನು ಕಷ್ಟಪಟ್ಟಿದೀಯಾ ಕಣೆ, ಆಡಿಲ್ಲ.” ನನಗೆ ಅಳು ಬರುವಷ್ಟು ಸಿಟ್ಟು ಬಂತು. ನಮ್ಮ ಮನೆಯಲ್ಲಿ ಕಷ್ಟಪಟ್ಟವರನ್ನು ಯಾರೂ ಹಾಗೆ ಬೈದಿಲ್ಲ.

ಆದರೆ ಆಡುವುದು ನನಗೆ ಗೊತ್ತಿರಲಿಲ್ಲವಾ? ನೀನೇ ಹೇಳು. ನಾನು ಚಿಕ್ಕವಳಿದ್ದಾಗ ನೀನು ಹಡಗಿನಿಂದ ರಜೆಗೆ ಬಂದರೆ ನಮ್ಮಿಬ್ಬರಿಗೂ ಮಾತಾಡಲು ಏನೂ ಹೊಳೆಯುತ್ತಿರಲಿಲ್ಲ. ನೀನು ನನ್ನನ್ನು ಅಡುಗೆಮನೆಯ ಕಟ್ಟೆ ಮೇಲೆ ಕೂರಿಸಿ, “ಕಣ್ಣು ಮುಚ್ಚು ಗಲಾಟೆ, ಇದೇನು ಹೇಳು” ಎನ್ನುತ್ತಿದ್ದೆ. ಲೋಟದ ಮೇಲೆ ಉಗುರು, ಬೆಂಕಿಪೊಟ್ಟಣ ಅಲ್ಲಾಡಿಸಿದ್ದು, ಒದ್ದೆ ಬೆರಳಿನಿಂದ ತಟ್ಟೆ ಉಜ್ಜಿದ್ದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಫ್ರಿಜ್ಜಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ತಾಗಿಸಿ, “ಕೇಳಿಸ್ತಾ? ಒಳಗೆ ಒಬ್ಬ ಗೊಣಗ್ತಾ ಕೂತಿದಾನೆ” ಎಂದೆಯಲ್ಲ. ಅಮ್ಮ ಬಂದು, ಅಪ್ಪ ಮಗಳಿಗೆ ಬೇರೆ ಕೆಲಸವಿಲ್ಲವಾ ಎಂದು ತಟ್ಟೆ ಕಿತ್ತುಕೊಂಡು ಹೋಗುತ್ತಿದ್ದಳು. ಪಾತ್ರೆ ಬಡಿಯಲು ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ ಸ್ವಾಮಿ, ನೀನು. ಈಗ ನೀನೇ ಬೇಡ ಎಂದರೆ ನಾನು ಯಾವ ಅಪ್ಪನ ಮಾತು ಕೇಳಲಿ?

ಫೋಟೊ ತೆಗೆದ ದಿನದ ಕಥೆಯನ್ನೂ ಕೇಳು. ಚಿತ್ರವಿಲ್ಲದೆ, ಬರೀ ಸದ್ದಿನಲ್ಲಿ, ಒಬ್ಬರು ಮನೆಗೆ ಬರುವುದನ್ನು ಮಾಡಬೇಕಿತ್ತು. ಉಳಿದವರು ಕಣ್ಣು ಮುಚ್ಚಿ ಕೇಳಿ ಬಂದವರು ಯಾರೆಂದು ಹೇಳಬೇಕು. ಗಿರಗಿಟ್ಲೆ ಅವಳ ಅಜ್ಜಿಯನ್ನು ಬರಿಸಿದಳು, ಎಲ್ಲರಿಗೂ ಕೂಡಲೇ ಗೊತ್ತಾಯಿತು. ನಾನು ನಿನ್ನನ್ನು ಬರಿಸಿದೆ. ವಾಚ್‌ಮನ್ನರ ಬೂಟು ಇಸಕೊಂಡೆ. ವಾರ್ಡನ್ನರ ಸೂಟ್‌ಕೇಸಿಗೆ ನಿನ್ನದರ ಹಾಗೇ ಒಂದು ಚಕ್ರ ಕೆಟ್ಟಿದೆ, ಅದನ್ನು ಕೇಳಿದರೆ, ಓಡಿಹೋಗುತ್ತೀಯೇನೇ ಎಂದು ಅನುಮಾನಪಟ್ಟುಕೊಂಡೇ ಕೊಟ್ಟರು. ಜಲ್ಲಿಯಲ್ಲಿ ಹೆಜ್ಜೆ, ಸೂಟ್‌ಕೇಸಿನ ಗಡಗಡ, ನಿಂತದ್ದು, ಕೆಳಗಿಟ್ಟದ್ದು, ಬೆಲ್ಲು, ಆಮೇಲೆ ಕಾಲೊರಸಿನ ಮೇಲೆ ಬೂಟು ಉಜ್ಜಿದ್ದು. ಉಜ್ಜಿ, ಮತ್ತೂ ಉಜ್ಜಿ. ಎಲ್ಲರೂ ‘ಅಪ್ಪ’ ಎನ್ನುತ್ತಾರೆಂದು ನಾನು ಕಾದು ನಿಂತಿದ್ದೆ.

“ನೆಂಟರು” ಎಂದರು. ಎಲ್ಲರೂ. ಒಬ್ಬ ಮಾತ್ರ ಏನೋ ಮಾರಲು ಬಂದವನು ಎಂದ.

ನಾನು ಜಗಳಕ್ಕೇ ಬಿದ್ದೆ. ನೆಂಟರಲ್ಲ, ನಮ್ಮಪ್ಪ, ಅವನ ಸ್ವಂತ ಮನೆ ಎಂದು ಕೂಗಾಡಿದೆ. ಮೇಡಂ ಸಮಾಧಾನವಾಗಿ, “ಸ್ವಂತ ಮನೆಗೆ ಯಾರಾದ್ರೂ ಬೆಲ್ ಮಾಡಿ ಇಷ್ಟು ಹೊತ್ತು ಕಾಲು ಒರೆಸ್ತಾರಾ?” ಎಂದರು. ಆದರೆ ನಾನು ತಪ್ಪು ಮಾಡಿರಲಿಲ್ಲ. ನೀನು ಬರುವುದೇ ಹಾಗೆ. ಕೀಲಿ ನಿನ್ನ ಜೇಬಿನಲ್ಲೇ ಇರುತ್ತದೆ, ನೀನು ಬೆಲ್ ಮಾಡುತ್ತೀಯಾ. ಬಾಗಿಲು ತೆರೆದರೂ ಒಳಗೆ ಬಾ ಎನ್ನುವವರೆಗೆ ಬೂಟು ಉಜ್ಜುತ್ತೀಯಾ. ಇಷ್ಟು ವರ್ಷ ಬಾಗಿಲು ತೆರೆದವಳು ನಾನೇ. ಆದರೂ ಅದನ್ನು ಕೇಳಿಸಿಕೊಂಡದ್ದು ಜಲ್ಲಿಯ ಟಬ್ಬಿನಲ್ಲಿ ಬೇರೆಯವರ ಬೂಟು ಹಾಕಿಕೊಂಡು ನಿಂತಾಗ. ಅವತ್ತು ನನಗೆ ತುಂಬಾ ಬೇಜಾರಾಯಿತು ಅಪ್ಪಾ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇದನ್ನು ಯಾವ ಆಫೀಸಿನ ಮೇಜು ನನಗೆ ಕಲಿಸುತ್ತಿತ್ತು ಹೇಳು. ಕೆಲಸ ಸಿಗುತ್ತದಾ, ನಾಲ್ಕು ಜನ ಏನೆನ್ನುತ್ತಾರೆ, ಮುಂದೆ ಗತಿಯೇನು ಎಂದೆಲ್ಲ ನೀನು ಕೇಳುತ್ತೀಯಾ. ಗೊತ್ತಿಲ್ಲ. ಖಂಡಿತ ಸಿಗುತ್ತದೆಂದು ಸುಳ್ಳು ಹೇಳಲಾರೆ. ಆದರೆ ನಾನು ಈ ವರ್ಷವೂ ಓದುತ್ತೇನೆ, ಮುಂದಿನ ವರ್ಷವೂ ಓದುತ್ತೇನೆ. ನೀನು ಒಪ್ಪಿದರೆ ನಗುತ್ತಾ, ಒಪ್ಪದಿದ್ದರೆ ಮುಖ ಊದಿಸಿಕೊಂಡು. ಚಿಕ್ಕಪ್ಪನಿಗೂ ಹೇಳಿಯಾಯಿತು. ಆ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಹೂವಿನ ಕುಂಡ ಇಟ್ಟುಕೊಳ್ಳಲಿ.

ಮೊಂಡುತನ ಯಾರಿಂದ ಬಂತು ಎಂದು ಅಮ್ಮನನ್ನು ಕೇಳಬೇಡ, ಅವಳು ನಿನ್ನ ಹೆಸರೇ ಹೇಳುತ್ತಾಳೆ. ಎಂಜಿನ್ ಕೋಣೆಯಲ್ಲಿ ನಿನ್ನ ಜೊತೆಯಿರುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಬೈಯಬೇಕೆನಿಸಿದರೆ ಬೈದು ಬರೆ, ಆದರೆ ಬರೆ.

ನಿನ್ನ ಮಾತು ಕೇಳದ, ನಿನ್ನಿಂದಲೇ ಕೇಳಲು ಕಲಿತ,
ಗಲಾಟೆ

ಮರೆತಿದ್ದೆ: ಅಂಚೆಗೆ ಹಾಕುತ್ತೇನೆಂದು ಗಿರಗಿಟ್ಲೆ ಬಾಗಿಲಲ್ಲಿ ನಿಂತು ಅವಸರಿಸುತ್ತಿದ್ದಾಳೆ. ವರ್ಷದ ಕೊನೆಗೆ ದೊಡ್ಡ ಹಾಲ್‌ನಲ್ಲಿ ದೀಪ ಆರಿಸಿ ನನ್ನ ಆ ಸದ್ದನ್ನು ಎಲ್ಲರಿಗೂ ಕೇಳಿಸುತ್ತಾರೆ. ಅದರಲ್ಲಿ ಒಂದು ಕೊರತೆಯಿದೆ. ನೀನು ಒಳಗೆ ಕಾಲಿಡುವಾಗ ಕೆಮ್ಮುತ್ತೀಯಲ್ಲ, ಗಂಟಲಲ್ಲೇ, ಬಂದೆ ಎನ್ನುವ ಹಾಗೆ, ಆ ಕೆಮ್ಮು. ವಾಚ್‌ಮನ್ನರಿಂದ ಕೆಮ್ಮಿಸಿದೆ, ಶೀತವಾದವರ ಹಾಗೆ ಕೇಳಿತು. ಗಿರಗಿಟ್ಲೆ ಕೆಮ್ಮಿದರೆ ನಗು ಬರುತ್ತದೆ. ನಾನು ಕೆಮ್ಮಿದರೆ ನಾನು ಕೆಮ್ಮಿದ ಹಾಗೇ ಕೇಳಿಸುತ್ತದೆ. ಅದೊಂದಿಲ್ಲದೆ ಎಷ್ಟು ಸಲ ಕೇಳಿದರೂ ಬಾಗಿಲಲ್ಲಿ ನಿಂತವನು ನೆಂಟನಾಗಿಯೇ ಉಳಿಯುತ್ತಾನೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಎಂಜಿನ್ ಕೋಣೆಯಲ್ಲಿ ಬೇಡ, ಮೇಲೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ನಿಂತು ಕೆಮ್ಮು. ಕಳಿಸಲು ಮನಸ್ಸಿಲ್ಲದಿದ್ದರೆ ರಜೆ ಹಾಕಿ ನೀನೇ ಬಾ. ಬೆಲ್ ಮಾತ್ರ ಮಾಡಬೇಡ.