ಕಡಲು ಎಡಗಡೆ ಇರಲಿ

ಡೌವೆ,

ನೀನು ಕಾಫಿ ತರಲು ಹೋಗಿದ್ದೀಯ. ಹಡಗು ಹತ್ತಬೇಕಾದ ಗಾಡಿಗಳ ಸಾಲು ಇನ್ನೂ ಅಲ್ಲಾಡಿಲ್ಲ. ಸ್ಟೀರಿಂಗಿಗೆ ಕಾಗದ ಆನಿಸಿಕೊಂಡು ಬರೆಯುತ್ತಿದ್ದೇನೆ. ಸಾಲುಗಳನ್ನು ಗಿಡ್ಡವಾಗಿಯೇ ಇಡುತ್ತೇನೆ. ಉದ್ದವಾದರೆ ಬಲಗಡೆಯ ಪದಗಳು ನಿನ್ನ ಕಣ್ಣಿಗೆ ಬೀಳುವುದಿಲ್ಲ. ಎದುರು ಕೂತು ಹೇಳಲು ಹೋದರೆ ನೀನು ಏನಾದರೂ ಅಂದು ನಗಿಸಿಬಿಡುತ್ತೀಯ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ.

ನನಗೆ ಭಯವಾಗುತ್ತಿದೆ. ಕಾರ್ಸಿಕಾ ದ್ವೀಪದ ಹೆಸರು ಕೇಳಿದ ದಿನದಿಂದಲೂ ಆಗುತ್ತಿದೆ.

ನಮ್ಮ ಫ್ರೀಸ್‌ಲಾಂಡಿನಲ್ಲಿ ಎತ್ತರ ಎಂದರೆ ಕಡಲಿಗೆ ಕಟ್ಟಿದ ಏರಿಯೊಂದೇ, ಅದರ ಮೇಲೆ ಕುರಿಗಳು. ನಾನು ಓಡಿಸಿದ್ದು ಬೇಕರಿಗೆ ಹೋಗಿಬರುವ ಸಣ್ಣ ಕಾರು. ಟ್ಯೂಲಿಪ್ ಗೆಡ್ಡೆ ತುಂಬಿದ ಲಾರಿಯನ್ನು ಅರ್ಧ ಯುರೋಪು ಸುತ್ತಿಸಿದವನು ನೀನು. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಈ ಮೋಟರ್‌ಹೋಮ್ ಕೊಂಡಾಗ ಅದರ ಬೀಗದಕೈ ನಾನು ಮುಟ್ಟಿಯೂ ನೋಡಲಿಲ್ಲ. ಆಮೇಲೆ ಚಳಿಗಾಲದಲ್ಲಿ ನಿನಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಉಳಿದವು, ಮಾತು ಉಳಿಯಿತು. ನೋಟದ ಬಲಭಾಗ ಮಾತ್ರ ಹೋಯಿತು. ಇನ್ನು ಗಾಡಿ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದಾಗ, ಆ ದೊಡ್ಡ ಗಾಡಿಯನ್ನು ನೀನು ಮಾರಿಬಿಡುತ್ತೀಯ ಎಂದುಕೊಂಡು ನಾನು ಒಳಗೊಳಗೇ ಸಮಾಧಾನಪಟ್ಟೆ.

ನೀನು ಊಟದ ಮೇಜಿನ ಮೇಲಿದ್ದ ಬ್ರೆಡ್ಡು, ಚೀಸು ಸರಿಸಿ ನಕ್ಷೆ ಹರಡಿದೆ. ದ್ವೀಪದ ಸುತ್ತ ಕೆಂಪು ಗೆರೆ ಆಗಲೇ ಎಳೆದಿದ್ದೆ. "ಓಡಿಸೋಳು ನೀನು, ದಾರಿ ಹೇಳೋನು ನಾನು. ಮುಗೀತು," ಅಂದೆ. ಪಡುವಣ ದಂಡೆಯ ರಸ್ತೆಯ ವಿಡಿಯೊ ತೋರಿಸಿದೆ: ಕೆಂಪು ಬಂಡೆ ಕೊರೆದು ಮಾಡಿದ ಕಿರುದಾರಿ, ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಬರೀ ಗಾಳಿ. ತಿರುವಿನಲ್ಲಿ ಎದುರಿಗೊಂದು ಬಸ್ಸು.  ಮಗಳಿಗೆ ಫೋನು ಮಾಡಿದರೆ ಅವಳು, "ಅಮ್ಮಾ, ನಿಮ್ಮಿಬ್ರಿಗೂ ತಲೆ ಕೆಟ್ಟಿದೆ. ಅಪ್ಪಂಗೆ ಅರ್ಧ ಕಾಣಲ್ಲ, ನಿಂಗೆ ರಿವರ್ಸ್ ಬರಲ್ಲ," ಅಂದಳು. ಫೆಮ್ಕೆ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಅಭ್ಯಾಸಕ್ಕೆಂದು ನಮ್ಮ ದೇಶದ ದಕ್ಷಿಣದ ಗುಡ್ಡಗಳಿಗೆ ಹೋದೆವಲ್ಲ, ಆ ದಿನ ನಿನಗೆ ಗೊತ್ತಿರುವುದು ಹಳ್ಳದ ಕಡೆಯದು ಮಾತ್ರ. ಸ್ಟೀರಿಂಗಿನ ಕಡೆಯದು ಕೇಳು. ಇಳಿಜಾರಿನ ಓಣಿಯಲ್ಲಿ ಆ ಟ್ರ್ಯಾಕ್ಟರ್ ಎದುರಾಯಿತು. ಅದರವನು ಎಂಜಿನ್ನು ಆರಿಸಿ ಕೈಕಟ್ಟಿ ಕೂತ. "ಏನಮ್ಮ, ಮನೇನೇ ಹೊತ್ಕೊಂಡು ಬಂದ್ಬಿಟ್ಟಿದ್ದೀರಲ್ಲ. ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಹಸುಗಳು ಕಾಯ್ತಾ ಇವೆ," ಅಂದ. ನೀನು ಇಳಿದು ಹಿಂದೆ ಹೋಗಿ ಕೈಸನ್ನೆ ಮಾಡತೊಡಗಿದೆ. ಕನ್ನಡಿಯಲ್ಲಿ ನಿನ್ನ ನೀಲಿ ಜಾಕೆಟ್ಟನ್ನೇ ನೋಡುತ್ತ ಹಿಂದೆ ಹಿಂದೆ ಬಂದೆ. ಇದ್ದಕ್ಕಿದ್ದಂತೆ ಕನ್ನಡಿ ಖಾಲಿಯಾಯಿತು. ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು.

ಡೌವೆ, ನಾನು ನಿನ್ನನ್ನು ಕೊಂದೆ ಎಂದುಕೊಂಡೆ. ಬಾಗಿಲು ತೆಗೆಯಲು ಕೈ ಏಳಲಿಲ್ಲ.  ಫೆಮ್ಕೆಗೆ ಹೇಗೆ ಹೇಳಲಿ ಎಂಬ ಮಾತಿನವರೆಗೂ ಮನಸ್ಸು ಹೋಗಿಬಂತು. ಆ ಮನುಷ್ಯ ಟ್ರ್ಯಾಕ್ಟರಿನಿಂದ ಧುಮುಕಿ ಓಡಿದ. "ಇದ್ದಾರಮ್ಮ, ಇದ್ದಾರೆ! ತುರಿಕೆ ಗಿಡದೊಳಗೆ ಬಿದ್ದಿದ್ದಾರೆ ಅಷ್ಟೆ," ಎಂದು ಕೂಗಿದ. ಚಕ್ರ ಹತ್ತಿದ್ದು ದಾರಿಬದಿಯ ಕಲ್ಲನ್ನು. ನಿನ್ನ ಬಲಕ್ಕೆ ಹಳ್ಳವಿದ್ದದ್ದು ನಿನಗೆ ಕಂಡಿರಲಿಲ್ಲ. ನೀನು ಮೈ ಕೆರೆದುಕೊಳ್ಳುತ್ತ ಮೇಲೆ ಬಂದು, "ಮೊದಲನೇ ಬೆಟ್ಟ ಹತ್ತಿದ್ಯಲ್ಲೇ," ಅಂದೆ. ನಾನೂ ನಕ್ಕೆ. ಅದು ನಗುವಾಗಿರಲಿಲ್ಲ.

ಮನೆಗೆ ಬಂದು, ಹೋಗುವುದು ಬೇಡ ಎಂದು ನಾನು ಅಂದೆ. ನೀನು ನಕ್ಷೆ ಮಡಚಿಟ್ಟೆ. ಆಮೇಲೆ ದಿನಾ ನೀನೊಬ್ಬನೇ ಅಂಗಳದಲ್ಲಿ ನಿಂತ ಗಾಡಿಯೊಳಗೆ ಹೋಗಿ, ಓಡಿಸುವವರ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಒಂದು ದಿನ ಕಾಫಿ ಹಿಡಿದು ನಾನೂ ಹತ್ತಿ ಸ್ಟೀರಿಂಗಿನ ಮುಂದೆ ಕೂತೆ. ನೀನು ನಿಧಾನವಾಗಿ, "ನೀನು ಹೆದ್ರೋದು ತಪ್ಪಲ್ಲ, ಹಿಸ್ಕೆ. ನಂಗೂ ಹೆದ್ರಿಕೇನೇ. ಇನ್ನೊಂದ್ಸಲ ಬಡಿದ್ರೆ ಈ ಎಡಗಡೇನೂ ಹೋಗ್ಬಹುದು. ಅಷ್ಟರೊಳಗೆ ಆ ಸಮುದ್ರ ನೋಡ್ಬೇಕು," ಅಂದೆ. ಇಷ್ಟು ವರ್ಷಗಳಲ್ಲಿ ಹೆದರಿಕೆ ಎಂಬ ಮಾತನ್ನು ನಿನ್ನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಹಾಗೆ ಹೇಳುವಾಗ ನೀನು ಕತ್ತು ತಿರುಗಿಸಿರಲಿಲ್ಲ. ನಿನ್ನ ಎಡಕ್ಕೆ ಕೂತಿದ್ದ ನಾನು ನಿನಗೆ ಪೂರ್ತಿ ಕಾಣುತ್ತಿದ್ದೆ. ನಾನು ಎದ್ದು ಹೋಗಿ ನಕ್ಷೆ ತಂದೆ. ನಿನ್ನ ಕೆಂಪು ಗೆರೆ ಪಡುವಣ ದಂಡೆಯಲ್ಲಿ ಉತ್ತರದಿಂದ ಕೆಳಗಿಳಿಯುತ್ತಿತ್ತು. ರಸ್ತೆಯ ಬಲಬದಿ ಹಿಡಿದು ಹೋಗುವ ನಮಗೆ ಹಾಗೆ ಹೋದರೆ ಪ್ರಪಾತ ಬಲಕ್ಕೆ, ಕಡಲೂ ಬಲಕ್ಕೆ, ನಿನಗೆ ಕಾಣದ ಕಡೆಗೆ. ಅದನ್ನೇ ತಿರುಗಿಸಿ ದಕ್ಷಿಣದಿಂದ ಮೇಲೆ ಬಂದರೆ ಬೆಟ್ಟ ನಮ್ಮ ಬಲಕ್ಕೆ ಒತ್ತಿಕೊಂಡಿರುತ್ತದೆ, ಕಡಲು ಎಡಕ್ಕೆ ಎಂದು ನಾನು ತೋರಿಸಿದೆ. ನೀನು ಗೆರೆಯ ಮೇಲೆ ಬೆರಳು ಓಡಿಸಿ, "ಇಷ್ಟು ವರ್ಷ ಲಾರಿ ಓಡಿಸಿದ್ದು ನಾನು. ನಂಗ್ಯಾಕೆ ಹೊಳೀಲಿಲ್ಲ?" ಅಂದೆ. ನಿನ್ನ ಮನಸ್ಸಿನಲ್ಲಿ ನಿನಗೆ ಇನ್ನೂ ಎರಡೂ ಕಡೆ ಕಾಣುತ್ತಿತ್ತು, ಅದಕ್ಕೇ. ಅದನ್ನು ಈಗ ಬರೆಯುತ್ತಿದ್ದೇನೆ.

ಆಮೇಲೆ ನಾನು ಹಾಲಿನ ಡೇರಿಯ ಖಾಲಿ ಅಂಗಳದಲ್ಲಿ ರಿವರ್ಸ್ ಕಲಿತೆ. ಕನ್ನಡಿಯಲ್ಲಿ ನೀನು ಕಾಣದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು, ನಾನು ಹಾಕಿದ ನಿಯಮ ಅದೊಂದೇ. ಆದರೂ ಭಯ ಹೋಗಿಲ್ಲ. ಆಲ್ಪ್ಸ್ ಸುರಂಗಗಳಲ್ಲಿ ನೀನು ಹಾಡುತ್ತಿದ್ದಾಗ ನಾನು ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಬೇರೇನೂ ನೋಡಲಿಲ್ಲ. ಈಗ ನನ್ನ ಭಯ ರಸ್ತೆಯದ್ದಲ್ಲ. ಆ ತಿರುವುಗಳಲ್ಲಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ, ನಿನಗೆ ಮತ್ತೆ ಹಾಗಾದರೆ? ನಾನು ಸ್ಟೀರಿಂಗ್ ಹಿಡಿಯಲೋ, ನಿನ್ನ ಕೈ ಹಿಡಿಯಲೋ?

ಅದಕ್ಕೇ ಇದೊಂದನ್ನು ಕೇಳುತ್ತೇನೆ. ಪಾರ್ಶ್ವವಾಯು ಬಡಿದ ಆ ಬೆಳಿಗ್ಗೆ ತಲೆ ಸಿಡಿಯುತ್ತಿದ್ದರೂ ತಿಂಡಿ ಮುಗಿಯುವವರೆಗೆ ನೀನು ಬಾಯಿ ಬಿಡಲಿಲ್ಲ. ಈ ಸಲ ಹಾಗೆ ಮಾಡಬೇಡ. ಕಣ್ಣು ಮಂಜಾದರೆ ಹೇಳು, ನಾಲಿಗೆ ತೊಡರಿದರೆ ಹೇಳು. ನಮ್ಮ ಪ್ರವಾಸ ಕೆಡುತ್ತದೆ ಎಂದು ಯೋಚಿಸಬೇಡ.

ಬಂದರಿನ ಹಳದಿ ಜಾಕೆಟ್ಟಿನವನು ಮುಂದಿನ ಗಾಡಿಗಳಿಗೆ ಕೈ ಬೀಸುತ್ತಿದ್ದಾನೆ. ಅಲ್ಲಿ ನೀನು, ಎರಡು ಲೋಟ ಹಿಡಿದು ಗಾಡಿಗಳ ನಡುವೆ ನಿಂತು ನನ್ನನ್ನು ಹುಡುಕುತ್ತಿದ್ದೀಯ. ಇನ್ನು ಸ್ವಲ್ಪ ಬಲಕ್ಕೆ ತಿರುಗು, ಡೌವೆ. ಇಲ್ಲಿದ್ದೇನೆ.

ಯಾವ ತಿರುವಿನಲ್ಲೂ ನಮಗೆ ಬಸ್ಸು ಎದುರಾಗದಿರಲಿ, ಕಡಲು ನಿನಗೆ ಕಂಡಷ್ಟೂ ಕಾಣಲಿ.

ಹೆದರುತ್ತಲೇ ಗಾಡಿ ಹೊರಡಿಸುತ್ತಿರುವ,
ನಿನ್ನ ಹಿಸ್ಕೆ